ನಡುರಸ್ತೆಯ ಕಟ್ಟೆ

ನೆರೆದಿರುವ ಮಹಾಜನಗಳೇ, ಮುಂದಿನ ಕುರ್ಚಿಯ ಹಿರಿಯರೇ, ಜಾಗ ಸಿಗದೆ ಗೋಡೆಗೊರಗಿ ನಿಂತಿರುವ ರಸಿಕರೇ! ದಯವಿಟ್ಟು ಸ್ವಲ್ಪ ಆ ಕಡೆ ತಿರುಗಿ ಕೂತುಕೊಳ್ಳಿ. ಈ ಕಾಗದ ನಿಮಗಲ್ಲ, ನನ್ನ ತಂಗಿಗೆ. ಕಿವಿಗೆ ಬಿದ್ದರೆ ಬೀಳಲಿ, ನನ್ನ ಗಂಟಲಿಗೆ ಗೋಡೆ ಅಡ್ಡ ಬಂದದ್ದು ಯಾವಾಗ? ಆದರೆ ಚಪ್ಪಾಳೆ ಮಾತ್ರ ಬೇಡ.

ಪ್ರೀತಿಯ ತಂಗೀ,

ನೀನು ಹೋಗಿ ನಾಲ್ಕು ತಿಂಗಳು ತುಂಬಿತು. ನಿನ್ನ ಹೊಲಿಗೆ ಅಂಗಡಿಯ ಬೀಗವನ್ನು ಇವತ್ತು ಬೆಳಗ್ಗೆ ಮೊದಲ ಸಲ ತೆಗೆದೆ. ಮಷೀನಿನ ಸೂಜಿಯ ಕೆಳಗೆ ಯಾರದೋ ರವಿಕೆಯ ಅರ್ಧ ತೋಳು ಹಾಗೇ ಸಿಕ್ಕಿಕೊಂಡಿದೆ. ಕಿಟಕಿಯಿಂದ ಕೆಳಗೆ ನೋಡಿದರೆ ಅದೇ ರಸ್ತೆ. ನಾವು ಚಿಕ್ಕವರಿದ್ದಾಗ ಎರಡು ಸೈಕಲ್ ಎದುರುಬದುರಾದರೆ ಒಬ್ಬ ಇಳಿಯಬೇಕಿತ್ತು. ಊರು ಬೆಳೆದು ಬೆಳೆದು ಈಗ ನಾಲ್ಕು ಸಾಲು ವಾಹನ ನುಂಗಿಯೂ ಅದರ ಹೊಟ್ಟೆ ತುಂಬುವುದಿಲ್ಲ.

ಈ ರಸ್ತೆಯನ್ನು ನಿನ್ನಷ್ಟು ಬಲ್ಲವರು ಪುರಸಭೆಯಲ್ಲೂ ಇರಲಿಲ್ಲ. ವಾಹನಗಳು ಏಳುವ ಮುಂಚೆ ನೀನು ಎದ್ದು, ಕೊರಳಿನ ಅಳತೆ ಟೇಪನ್ನೇ ಹಾಸಿ ಹಾಸಿ ಅಗಲ ಅಳೆದೆ. ಹತ್ತು ಟೇಪು, ಮೇಲೊಂದು ಗೇಣು. ನಡೆಯುವವರಿಗೆ ಹಸಿರು ದೀಪ ಹನ್ನೆರಡು ಸೆಕೆಂಡು; ನಿನ್ನ ಮಂಡಿಗೆ ಬೇಕಾದದ್ದು ಹತ್ತೊಂಬತ್ತು. ಎಲ್ಲವನ್ನೂ ಕಾಗದದಲ್ಲಿ ಬರೆದು, ಪುರಸಭೆಯವರು ರಸ್ತೆ ಸುರಕ್ಷತೆಗೆಂದು ಜನರ ಅಭಿಪ್ರಾಯ ಕೇಳಲು ಕರೆದ ಸಭೆಯ ದಿನ ನನ್ನ ಕೈಗಿಟ್ಟೆ. “ರಸ್ತೆ ಮಧ್ಯ ಒಂದು ಕಟ್ಟೆ ಬೇಕು ಅಂತ ಕೇಳಣ್ಣ. ಅರ್ಧ ದಾಟಿ ನಿಂತ್ಕೊಳ್ಳೋಕೆ. ನಾನು ಮಾತಾಡಿದ್ರೆ ಪಕ್ಕದ ಕುರ್ಚಿಗೂ ಕೇಳಲ್ಲ. ನಿಂದು ಗಂಟಲಲ್ಲ, ಗುಡುಗು,” ಎಂದೆ.

ನಮ್ಮ ಒಪ್ಪಂದ ಮೊದಲಿನಿಂದಲೂ ಅದೇ ತಾನೆ? ಅಪ್ಪನ ನಾಟಕ ಕಂಪನಿಯಲ್ಲಿ ನಾನು ಕಿರೀಟ ಹೊತ್ತು ಅಬ್ಬರಿಸುವವನು. ನೀನು ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು, ನಾನು ಮರೆತ ಮಾತನ್ನು ಎತ್ತಿಕೊಡುವವಳು. ನೀನು ಒಂದು ಸಲವೂ ತಪ್ಪು ಮಾತು ಕೊಡಲಿಲ್ಲ. ನೀನು ಕೊಟ್ಟದ್ದನ್ನು ನಾನು ಒಂದು ಸಲವೂ ಬಿಡಲಿಲ್ಲ. ಆ ದಿನದವರೆಗೆ.

ಗೋಡೆಯ ಮೇಲೆ ನಕ್ಷೆ ಇತ್ತು. ಅದರಲ್ಲಿ ಕಟ್ಟೆಯನ್ನು ಚುಕ್ಕೆಗಳಲ್ಲಿ ಬರೆದಿದ್ದರು. ಜನ ಹೂಂ ಅಂದರೆ ಗೆರೆಯಾಗುತ್ತಿತ್ತು. ನಾನು ಎದ್ದು ನಿಂತು, ಮೈಕನ್ನು ಪಕ್ಕಕ್ಕೆ ಸರಿಸಿ, “ರಸ್ತೆಯ ನಡುವೆ ಒಂದು ಕಟ್ಟೆ” ಎಂದೆ, ಅಷ್ಟೆ. ಹಿಂದಿನಿಂದ ಗ್ಯಾರೇಜಿನವನು, “ಯಾಕೆ ಯಜಮಾನ್ರೇ, ಇಸ್ಪೀಟ್ ಆಡೋಕಾ?” ಎಂದ. ಸಭೆ ನಕ್ಕಿತು. ತಂಗೀ, ನಗು ಬಂದ ಕಡೆಗೆ ತಿರುಗುವುದು ನನ್ನ ಮೈಗಂಟಿದ ರೋಗ. “ಇಸ್ಪೀಟೊಂದೇ ಸಾಕೇನಪ್ಪಾ? ಹರಟೆಕಟ್ಟೆ ಅಂದ್ಮೇಲೆ ಟೀ ಅಂಗಡೀನೂ ಬೇಕು. ಊರಿನ ಸೋಮಾರಿಗಳಿಗೆ ಕೂರೋಕೆ ಜಾಗ ಸಾಲ್ದೆ, ಸಾಹೇಬ್ರು ನಡುರಸ್ತೇಲೇ ಆಸನ ಹಾಕಿಸ್ತಿದ್ದಾರೆ,” ಎಂದೆ. ಶಿಳ್ಳೆ ಬಿತ್ತು. ಇನ್ನೊಂದು ಎಸೆದೆ. ಮತ್ತೊಂದು.

ಮೂರನೇ ಸಾಲಿನಲ್ಲಿ ನಿನ್ನ ತುಟಿ ಅಲ್ಲಾಡುತ್ತಿತ್ತು. ನೀನು ಮುಂದಿನ ಮಾತು ಎತ್ತಿಕೊಡುತ್ತಿದ್ದೆ: ಹತ್ತು ಟೇಪು, ಹನ್ನೆರಡು ಸೆಕೆಂಡು. ನೋಡಲಿಲ್ಲ ಎಂದು ಊರಿಗೆಲ್ಲ ಹೇಳಬಲ್ಲೆ, ನಿನಗೆ ಹೇಳಲಾರೆ. ನೋಡಿದೆ. ತೆಗೆದುಕೊಳ್ಳಲಿಲ್ಲ. ಕಟ್ಟೆ ಬೇಕೆನ್ನುವವರು ಕೈ ಎತ್ತಿ ಎಂದಾಗ ನಿನ್ನದೂ ಸೇರಿ ಎತ್ತಿದ್ದು ಎಂಟು ಕೈ. ನನ್ನ ಕೈಯನ್ನು ಅಕ್ಕಪಕ್ಕದವರು ಕುಲುಕುತ್ತಿದ್ದರು, ಅದಕ್ಕೆ ಬಿಡುವಿರಲಿಲ್ಲ.

ಹೊರಗೆ ಬಂದು ನಿನ್ನ ಬೈಗುಳಕ್ಕೆ ಕಾದೆ. “ಜನ ಚೆನ್ನಾಗಿ ನಕ್ಕರಣ್ಣ,” ಎಂದೆ ನೀನು. ಅಷ್ಟೇ. ಬೈದಿದ್ದರೆ ಅವತ್ತೇ ತಿರುಗಿ ಹೋಗಿ ತಪ್ಪೊಪ್ಪಿಕೊಳ್ಳುತ್ತಿದ್ದೆನೇನೋ. ಇಲ್ಲ, ಇದೂ ಸುಳ್ಳು. ಹೋಗುತ್ತಿರಲಿಲ್ಲ.

ಮೂರು ವಾರಕ್ಕೆ, ಒಂದು ಮಧ್ಯಾಹ್ನ, ನೀನು ಹಸಿರು ದೀಪ ನೋಡಿಯೇ ರಸ್ತೆಗಿಳಿದೆ. ಅರ್ಧಕ್ಕೆ ದೀಪ ಬದಲಾಯಿತು. ನೀನು ಓಡಲಿಲ್ಲ, ಹಿಂದಿರುಗಲಿಲ್ಲ. ನಡುವಿನ ಬಿಳಿ ಗೆರೆಯ ಮೇಲೆ ಎರಡೂ ಪಾದ ಜೋಡಿಸಿ, ಸೆರಗು ಮೈಗೆ ಸುತ್ತಿಕೊಂಡು ನೆಟ್ಟಗೆ ನಿಂತಿದ್ದೆಯಂತೆ. ಗೆರೆ ನಾಲ್ಕು ಬೆರಳು ಅಗಲ. “ಅಮ್ಮ ನಿಂತಿದ್ದು ನೋಡ್ದೆ ಸಾರ್. ನಂಗೂ ಸರಿಯೋಕೆ ಜಾಗ ಇರ್ಲಿಲ್ಲ, ಅವ್ರಿಗೂ ಇರ್ಲಿಲ್ಲ,” ಎಂದು ನೀರಿನ ಟ್ಯಾಂಕರಿನ ಡ್ರೈವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅವನನ್ನು ಏನೆಂದು ಬೈಯಲಿ?

ನಿನ್ನೆ ಪುರಸಭೆಯ ಎಂಜಿನಿಯರು ಫೋನ್ ಮಾಡಿದ್ದರು. ಅದೇ ಕಟ್ಟೆಗಾಗಿ ಮತ್ತೆ ಸಭೆ ಕರೆದಿದ್ದಾರೆ. “ನೀವೇ ಮಾತಾಡ್ಬೇಕು ಸಾರ್. ನೀವು ನಿಂತ್ರೆ ಕಲ್ಲೂ ಕರಗುತ್ತೆ,” ಎಂದರು. ಹೂಂ ಎಂದೆ. ಆಮೇಲೆ ಏನಾಯಿತು ಗೊತ್ತೇ? ಕನ್ನಡಿಯ ಮುಂದೆ ನಿಂತು, ಯಾವ ಮಾತಿಗೆ ಗಂಟಲು ಕಟ್ಟಬೇಕು, ಎಲ್ಲಿ ಕಣ್ಣೊರೆಸಬೇಕು ಎಂದು ನಾನು ಅಭ್ಯಾಸ ಮಾಡುತ್ತಿದ್ದೆ. ನಿನ್ನ ಸಾವಿಗೆ, ತಂಗೀ. ಅಡುಗೆಮನೆಯಿಂದ ನಿನ್ನ ಅತ್ತಿಗೆ, “ನಾಳಿದ್ದು ಸಭೆಗೆ ಹೋಗ್ತೀರೋ, ನಾಟಕಕ್ಕೋ?” ಎಂದಳು. ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಆಗ ಬಂದ ಅಳುವಿಗೆ ದನಿಯೇ ಇರಲಿಲ್ಲ.

ನಾಳೆ ಬೆಳಗ್ಗೆ ಹತ್ತಕ್ಕೆ ಸಭೆ. ನಾನು ಹೋಗುತ್ತೇನೆ. ತಂಗಿ ಬರೆದುಕೊಟ್ಟ ಮಾತನ್ನು ಮುಚ್ಚಿಟ್ಟು ನಿಮ್ಮನ್ನು ನಗಿಸಿದವನು ನಾನು ಎಂದು ಮೊದಲು ಹೇಳುತ್ತೇನೆ. ಹಳೆಯ ವರದಿಯಲ್ಲಿ ‘ಸಾರ್ವಜನಿಕರು ಒಪ್ಪಲಿಲ್ಲ’ ಎಂದಿದೆಯಂತೆ. ಒಪ್ಪದಂತೆ ಮಾಡಿದವನ ಹೆಸರನ್ನು ಅದರ ಕೆಳಗೆ ಬರೆಸುತ್ತೇನೆ. ಆಮೇಲೆ ನಿನ್ನ ಕಾಗದವನ್ನು, ನೀನು ಬರೆದಷ್ಟೇ, ನಿನ್ನ ದನಿಯಷ್ಟೇ ಸಣ್ಣಗೆ ಓದುತ್ತೇನೆ. ಕೇಳಬೇಕೆನ್ನುವವರು ಹತ್ತಿರ ಬರಲಿ. ನೀನು ಹೋದದ್ದು ಎಲ್ಲರಿಗೂ ಗೊತ್ತು. ನನ್ನ ಬಾಯಿಂದ ಅದು ಬಂದರೆ ನಾಟಕದ ದೃಶ್ಯವಾಗುತ್ತದೆ, ಹೇಳುವುದಿಲ್ಲ. ಓದಿ ಮುಗಿಸಿ, ಯಾರಾದರೂ ನನಗೆ ಸಮಾಧಾನ ಹೇಳಲು ಏಳುವ ಮೊದಲೇ ಕೆಳಗಿಳಿದು ಬರುತ್ತೇನೆ.

ಹೋದಲ್ಲಿ ಯಾರೂ ನಿನ್ನನ್ನು ಅವಸರಪಡಿಸದಿರಲಿ, ನನ್ನವ್ವಾ.

ನಿನ್ನ ಅಣ್ಣ