ಹಗೇವಿನ ಪ್ಲೇಟು

೮-೧-೧೯೭೮, ರವಿವಾರ. ಮುಂಜಾನೆ

ಅಂಗಡಿ ತೆಗದೆ. ಕಸಾ ಹೊಡದೆ. ಬ್ಯಾಟರಿಗೆ ನೀರು ಹಾಕಿದೆ. ಗಿರಾಕಿ ಇಲ್ಲ. ಸಂತಿ ದಿನ ಮೈಕಿನ ಅಂಗಡಿಗೆ ಯಾರು ಬರ್ತಾರ.

ಕುಂತು ನಮ್ಮ ಮೊದಲನೇ ಗ್ರಾಮೋಫೋನ್ ಪ್ಲೇಟಿನ ಲೆಕ್ಕಾ ತಗದೆ. ಮುಂಬೈದಾಗ ಐದನೂರು ಪ್ಲೇಟು ಒತ್ತಿಸಿದ್ದು, ಹೋಗಿ ಬಂದದ್ದು, ಕವರಿಗೆ ಫೋಟೋ — ಎಲ್ಲಾ ಕೂಡಿ ಎರಡು ಸಾವಿರದ ಮುನ್ನೂರು. ಮಾರಿದ್ದು ಸ್ವಲ್ಪ. ಪುಕ್ಕಟೆ ಹೋದದ್ದು ಅದಕಿಂತ ಹೆಚ್ಚು. ಉಳಿದದ್ದು ಮಂಚದ ಕೆಳಗ. ಎದುರಿನ ಚಾದಂಗಡಿಯಾಂವ ಒಂದು ಒಯ್ದು ಹಾಲಿನ ಪಾತೇಲಿಗೆ ಮುಚ್ಯಾನ. "ಭಾಳ ಛಲೋ ಕುಂಡ್ರತೈತ್ರಿ, ಅಮರಪ್ಪನವರ" ಅಂದ. ಆ ಪ್ಲೇಟನ್ನ ಹೊಗಳಿದಾಂವ ಅವನೊಬ್ಬನ.

ಒಂದು ಖರ್ಚು ಬರೀಲಿಲ್ಲ. ನೀಲಾಬಾಯಿ ತಿಕೋಟಾಕ್ಕ, ತವರಿಗೆ ಹೋದದ್ದು. ಹೆಂಡತಿ ಹೋದದ್ದನ್ನ ಯಾವ ಬಾಬತ್ತಿಗೆ ಹಾಕೂದು ತಿಳೀಲಿಲ್ಲ.

ಅದ ದಿನ. ಸಂಜಿ

ನಮ್ಮ ಬ್ಯಾಂಡು, ಬಾರಾಕಮಾನ್ ಬೀಟ್ಸ್, ಪೂರಾ ಬಂದಿತ್ತು. ಪೂರಾ ಅಂದ್ರ ಇಬ್ಬರು. ಜಿಲಾನಿ — ಗಿಟಾರು. ಸಾರವಾಡದ ಸಿದ್ದರಾಯ — ಡ್ರಮ್ಮು, ಹಾಡೂನೂ ಅವನ. ಮೂರನೇದಾಂವ ನಾ. ಮೈಕು, ಬಾಡಿಗಿ ಗಾಡಿ, ಮತ್ತ ಮಾತು. ಮೊದಲನೇ ಪ್ಲೇಟಿನ್ಯಾಗ ಪ್ರತಿ ಹಾಡಿಗೂ ಮುಂದ ನನ್ನ ಮಾತೈತಿ. ಒಂದು ಹಾಡಿಗೆ ನಡುವನೂ ಐತಿ.

ಜಿಲಾನಿ ಹೊಸಾದು ಬಾರಿಸಿ ತೋರಿಸಿದ. ಒಂದು ತಂತಿ ಹೊಡದ. ನಿಂತ. ಮತ್ತ ಹೊಡೀತಾನಂತ ಕಾದೆ. ಹೊಡೀಲಿಲ್ಲ.

"ಯಾಕಲೇ, ತಂತಿ ಹರೀತೇನು?"

"ಇಲ್ಲ ಕಾಕಾ. ಇದೂ ಹಾಡಿನ್ಯಾಗ ಐತಿ."

"ಏನೈತಿ?"

"ಸುಮ್ಮನಿರೂದು."

ಆಮ್ಯಾಲ ನೆಲಾ ನೋಡಕೋತ ಅಂದ, "ಈ ಸಲ ಮಾತು ಬ್ಯಾಡ್ರಿ ಕಾಕಾ."

ನನ್ನ ಮೈಕು, ನನ್ನ ರೊಕ್ಕ, ನನ್ನ ಪ್ಲೇಟಿನ್ಯಾಗ ನಾ ಇಲ್ಲ ಅಂದ್ರ ಹ್ಯಾಂಗಪಾ ಅಂದೆ. ಅಂದದ್ದು ಇಷ್ಟ ಅಲ್ಲ. ಚಾ ಆರೂತನಕಾ ಅಂದೆ. ಸಿದ್ದರಾಯ ಕಪ್ಪು ಕೆಳಗಿಟ್ಟು ಹೇಳಿದ, "ಕಾಕಾ ಮಾತಾಡಾಕ ಹತ್ತಿದ್ರ ಪ್ಲೇಟಿಗೆ ಮೂರನೇ ಮಗ್ಗಲಾ ಬೇಕಾಗತೈತಿ."

ನಕ್ಕೆ. ಏನು ಮಾಡೂದು.

ಅವರಿಗೆ ಹೇಳಲಾರದ್ದನ್ನ ಇಲ್ಲಿ ಬರೀತೇನಿ. ತಿಕೋಟಾ ಸ್ಟ್ಯಾಂಡಿನ್ಯಾಗ ಶಂಕರೆಪ್ಪನ ಹೊಟೇಲ ಐತಿ. ಅದರ ಭೋಂಗಾ, ಅಂದ್ರ ಲೌಡ್‌ಸ್ಪೀಕರು, ನಂದು, ಬಾಡಿಗಿಗೆ ಕೊಟ್ಟದ್ದು. ಎದುರಿಗೆ ನೀಲಾನ ತವರಮನಿ. ಶಂಕರೆಪ್ಪ ದಿನಾ ನಮ್ಮ ಪ್ಲೇಟು ಹಚ್ಚತಿದ್ದ. ದಿನಾ ನನ್ನ ದನಿ ಆಕಿ ಬಾಗಲದಾಗ ಹೋಗಿ ನಿಂದರತಿತ್ತು. ದೀಪಾವಳಿಗೆ ಆ ಪ್ಲೇಟು ಸವದು ಹೋತು. ಅದ ಹಾಡಿನ ಇನ್ನೊಂದು ಪ್ಲೇಟು ಕಳಿಸಿದೆ, ಮಂದಿ ಬ್ಯಾಸತ್ತಾರ, ಹೊಸಾ ಹಾಡು ತರ್ರಿ ಅಂದ.

ಎರಡನೇ ಪ್ಲೇಟು ನನಗ ಬೇಕಾಗಿದ್ದು ಅದಕ್ಕ. ಅದರಾಗ ನಾ ಇಲ್ಲಂದ್ರ…

೨೨-೧-೭೮

ಜಿಲಾನಿಗೆ ಧ್ವನಿ ದೊಡ್ಡದಾಗಬೇಕಂತ. ಗದ್ದಲ ಅಲ್ಲ ಕಾಕಾ, ಜಾಗಾ — ಅಂತಾನ. ವಿಜಾಪುರದಾಗ ಹುಟ್ಟಿದಾಂವಗ ಇದಕ್ಕ ನೆನಪಾಗೂದು ಒಂದ ಠಿಕಾಣಿ. ಅಂಗಡಿಯಿಂದ ನಡಕೊಂಡು ಹೋಗುವಷ್ಟು ದೂರ. ಟೇಪ್ ರೆಕಾರ್ಡರ್ ಚೀಲದಾಗ ಮುಚ್ಚಿಕೊಂಡು ಗೋಳಗುಮ್ಮಟ ಹತ್ತಿದಿವಿ.

ಸಿದ್ದರಾಯ ಒಂದ ಪೆಟ್ಟು ಹೊಡದ. ಅದು ತಿರತಿರುಗಿ ಬಂತು. ಅದು ಮುಗಿಯೂದ್ರಾಗ ಸಾಲಿ ಹುಡುಗರು ಬಂದು ಒದರಿದ್ರು. ಕಾವಲಗಾರ ಇಳಿಸಿ ಕಳಿಸಿದ.

ಅಂಗಡ್ಯಾಗ ಟೇಪು ಹಚ್ಚಿ ಕೇಳಿದಿವಿ. ಪೆಟ್ಟು, ಪೆಟ್ಟು, ಯಾರೋ ಮಾಸ್ತರು "ಸಾಲು ಹಿಡೀರಿ", ಮತ್ತ ಪೆಟ್ಟು. ಎಲ್ಲಾ ಕಲಸಿ ಅಂಬಲಿ.

"ಗುಮ್ಮಟದಾಗ ಮಲಗಿದ ಬಾದಶಹಾ ನನಗಿಂತ ಜೋರ ಬಾರಸ್ತಾನ" ಅಂದ ಸಿದ್ದರಾಯ. ಸ್ವಲ್ಪ ಹೊತ್ತು ತೆಲಿ ಕೆರಕೊಂಡು, "ಸಾರವಾಡದಾಗ ನಮ್ಮ ಚಿಗವ್ವನ ಹಗೇವು ಖಾಲಿ ಬಿದ್ದೈತಿ" ಅಂದ.

ನೆಲದಾಗಿನ ಜ್ವಾಳದ ಕಣಜ. ಬಾಯಿ ಒಬ್ಬ ಮನಷ್ಯಾ ಇಳಿಯುವಷ್ಟು, ಹೊಟ್ಟಿ ಒಂದು ಖೋಲಿಯಷ್ಟು. ಹೊಸಾ ಜ್ವಾಳ ತುಂಬೂದ್ರಾಗ ಕೆಲಸಾ ಮುಗಿಸಬೇಕು.

ಜಿಲಾನಿ ಎದ್ದು ನಿಂತ. ಅಂವ ಹಂಗ ಎದ್ದು ನಿಂತದ್ದು ನಾ ನೋಡಿದ್ದಿಲ್ಲ.

೫-೨-೭೮

ಇವತ್ತ ಯಾರ ಜೋಡೀನೂ ಮಾತಾಡಿಲ್ಲ. ಗಿರಾಕಿ ಬಂದಿದ್ರು. ಅದು ಮಾತಲ್ಲ.

ಒಂದ ರೊಟ್ಟಿ ಬಡದೆ. ಸುಟ್ಟಿತು.

ನೀಲಾ ಹೋಗುವಾಗ ಜಗಳಾ ಮಾಡಲಿಲ್ಲ. ಗಂಟು ಕಟ್ಟಿಕೋತ ಹೇಳಿದ್ಲು: "ನೀವು ಹೇಳೂದು ಮುಗೀಲಿ, ಆಮ್ಯಾಲ ನಾ ಹೇಳತೇನಿ ಅಂತ ಹದಿನೆಂಟ ವರ್ಷ ಕುಂತೆ." ಅದಕ್ಕೂ ನಾ ಉತ್ತರಾ ಕೊಟ್ಟೆ. ಉದ್ದಂದು. ಬಸ್ಸು ಹೋದ ಮ್ಯಾಲೂ ಕೊಡಾಕತ್ತಿದ್ದೆ.

ಒಂದು ಉಪಾಯ ಹೊಳದೈತಿ. ಹಗೇವಿನ್ಯಾಗ ಮೈಕು ಹಿಡಕೊಂಡು ಒಬ್ಬರು ಕುಂಡ್ರಬೇಕು — ಹಗ್ಗಕ್ಕ ಕಟ್ಟಿದ್ರ ಗಿರಕಿ ಹೊಡೀತೈತಿ. ನನ್ನ ಮೈಕು ನಾ ಯಾರಿಗೂ ಕೊಡೂದಿಲ್ಲ, ಅದು ಎಲ್ಲಾರಿಗೂ ಗೊತ್ತು. ಅಂದ್ರ ಕೆಳಗ ನಾನ. ಜಿಲಾನಿ ಸುಮ್ಮನಿರೂ ಜಾಗಾದಾಗ ಎರಡ ಮಾತು ಆಡಿಬಿಟ್ರ… ಟೇಪಿನ ಮ್ಯಾಲ ಬಂದದ್ದು ಬಂತು.

೧೨-೨-೭೮, ರವಿವಾರ. ಸಾರವಾಡದಿಂದ ಬಂದು

ಹೊತ್ತು ನೆತ್ತಿಗೆ ಬಂದಾಗ ಚಾಲೂ ಮಾಡಿದಿವಿ. ಊರ ಮಂದಿ ಹೊಲಕ್ಕ ಹೋಗಿದ್ರು, ಗಪ್ಪ. ಸಿದ್ದರಾಯನ ಚಿಗವ್ವ ಬೋರವ್ವ ಹಗೇವಿನ ಬಾಯಿ ನಿನ್ನೇನ ತಗಿಸಿ ಗಾಳಿಗೆ ಬಿಟ್ಟಿದ್ಲು. ಕಂದೀಲು ಇಳಿಬಿಟ್ಟು ನೋಡಿದ್ಲು. ಆರಲಿಲ್ಲ.

"ಹಾಡಾಕ ಮ್ಯಾಲ ಜಾಗಾ ಸಾಲಲಿಲ್ಲೇನು ಇವಕ್ಕ? ನನ್ನ ಜ್ವಾಳಕ್ಕ ಹುಳಾ ಬಿದ್ರ ನಿನಗ ತಿನಿಸ್ತೇನಿ ನೋಡ ಸಿದ್ದ್ಯಾ."

"ತಿನಿಸ ಬೇ. ಬ್ಯಾಡಂದ್ನೇನು?"

ಜಿಲಾನಿ, ಸಿದ್ದರಾಯ ಇಬ್ಬರೂ ಮ್ಯಾಲ ಬೇವಿನ ನೆರಳಿಗೆ. ಭೋಂಗಾ ನನ್ನ ಜೋಡಿ ಕೆಳಗ. ಅವರ ಧ್ವನಿ ಭೋಂಗಾದಿಂದ ಬಂದು, ಗ್ವಾಡಿಗೆ ಬಡದು, ತಿರುಗಿ ನನ್ನ ಕೈಯಾಗಿನ ಮೈಕಿಗೆ ಬರಬೇಕು. ಇಳಿಯುವಾಗ ಜಿಲಾನಿ ಅಂದ, "ತುಟಿ ಹೊಲಕೋರಿ ಕಾಕಾ."

ಕೆಳಗ ಹಳೇ ಜ್ವಾಳದ ವಾಸನಿ. ಹುಲ್ಲಿನ ಮ್ಯಾಲ ಕುಂತೆ. ಮ್ಯಾಲ ನೋಡಿದ್ರ ಮುಗಿಲು ಒಂದು ಪ್ಲೇಟಿನಷ್ಟ ಇತ್ತು.

ನಾ ಆಡೂ ಮಾತು ತಯಾರಿತ್ತು: "ನೀಲಾ, ಮನಿ ಖಾಲಿ ಐತಿ." ಇಷ್ಟ. ಇಷ್ಟ ಸಣ್ಣ ಮಾತು ನಾ ಜನ್ಮದಾಗ ಆಡಿಲ್ಲ.

ತಂತಿ ಬಂತು. ಸುಮ್ಮನಾತು. ಬಾಯಿ ತೆರದೆ. ಆದ್ರ ಧ್ವನಿ ಇನ್ನೂ ಗ್ವಾಡಿಗುಂಟ ತಿರಗಾಕತ್ತಿತ್ತು, ಮುಗದಿದ್ದಿಲ್ಲ. ಮುಗೀಲಿ ಅಂತ ಕಾದೆ. ಪೂರಾ ಮುಗಿಯೂದ್ರಾಗ ಎರಡನೇ ತಂತಿ ಬಂತು. ಮತ್ತ ಕಾದೆ. ಹಿಂಗ ಮೂರು ಹಾಡು. ನನ್ನ ಸರತಿ ಬರಲೇ ಇಲ್ಲ.

ಹದಿನೆಂಟ ವರ್ಷ ಆಕಿ ಹಿಂಗ ಕುಂತಿರಬೇಕು.

ಅಷ್ಟರಾಗ ಹೆಬ್ಬೆರಳು ತನ್ನ ಪಾಡಿಗೆ ತಾನು ಸುಣ್ಣದ ಡಬ್ಬಿ ಮುಚ್ಚಳಾ ಒತ್ತಿತು. ಟಕ್. ನನ್ನ ಚಟಾ. ದಿನಾ ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಮಾಡತಿದ್ದೆ. "ಆ ಡಬ್ಬಿ ಬಾಂವ್ಯಾಗ ಒಗೀತೇನಿ ನೋಡ್ರಿ" ಅಂತಿದ್ಲು ನೀಲಾ.

ಮ್ಯಾಲ ಬಂದು ಟೇಪು ಕೇಳಿದಿವಿ. ಸುಮ್ಮನಿರೂದರ ನಟ್ಟನಡುವ — ಟಕ್. ಅದೂ ಗ್ವಾಡಿಗುಂಟ ತಿರುಗಿ ಹೋತು. ಕತ್ತರಸಪಾ ಅಂದೆ. ಜಿಲಾನಿ ಕೈ ಮಾಡಿ ನಿಂದರಿಸಿದ. ಮತ್ತೊಮ್ಮೆ ಇಳಿಸಿದ, ಈ ಸಲ ಬೇಕಂತ ಹೊಡೀರಿ ಅಂತ. ಹೊಡದೆ. ಅದು ಬರೇ ಡಬ್ಬಿ ಸಪ್ಪಳ ಆತು. ಮೊದಲಿನದನ್ನ ಇಟಗೊಂಡ.

ಆಡೂ ಮಾತು ಹಂಗ ವಾಪಸ ತಂದೇನಿ.

೨೧-೫-೭೮

ಪ್ಲೇಟು ಬಂದುವು. ನಾ ಒಬ್ಬನ ಪೆಟ್ಟಿಗಿ ಒಡದೆ. ಜಿಲಾನಿ ಪುಣೆಕ್ಕ ಹೋಗಿ ತಿಂಗಳಾತು. ಮುಂಬೈದಾಗ ಟೇಪು ಕೇಳಿದ ಒಬ್ಬರು ಪುಣೆದ ಆರ್ಕೆಸ್ಟ್ರಾಕ್ಕ ಕರಸಿದ್ರು, ಸಿದ್ದರಾಯನ್ನೂ ಎಳಕೊಂಡು ಹೋದ. ಹೋಗುವಾಗ ಕಾಲು ಹಿಡದ್ರು. ಏನಾರ ಹೇಳ್ರಿ ಕಾಕಾ ಅಂದ್ರು. ಇಬ್ಬರ ಬೆನ್ನ ಮ್ಯಾಲೂ ಕೈ ಇಟ್ಟೆ.

ಅಂಗಡಿ ಬಾಗಲಾ ಹಾಕಿ ಕೇಳಿದೆ. ಮೊದಲನೇ ಪ್ಲೇಟು ಅಂದ್ರ ಟೆಂಪೋದಾಗಿನ ಮದುವಿ ದಿಬ್ಬಣ — ಎಲ್ಲಾರೂ ಹತ್ಯಾರ, ಯಾರಿಗೂ ಕುಂಡ್ರಾಕ ಜಾಗಾ ಇಲ್ಲ. ಇದರಾಗ ಒಬ್ಬೊಬ್ಬರ ಇಳದು ನಡಕೋತ ಹೊಂಟಾರ. ಡ್ರಮ್ಮು ದೂರಿಂದ ಬರತೈತಿ. ಸಿದ್ದರಾಯ ಒದರೂದು ಬಿಟ್ಟು ಹಾಡ್ಯಾನ. ಒಂದು ವರ್ಷದಾಗ ಈ ಹುಡುಗರು ಇಷ್ಟು ಬೆಳೀತಾವಂತ ನನಗ ಯಾರೂ ಹೇಳಲಿಲ್ಲ.

ಕವರಿನ ಹಿಂದ ಸಣ್ಣ ಅಕ್ಷರದಾಗ: ಜಿಲಾನಿ — ಗಿಟಾರು. ಸಿದ್ದರಾಯ — ಡ್ರಮ್ಮು, ಹಾಡು. ಅಮರಪ್ಪ — ಡಬ್ಬಿ.

೨೮-೫-೭೮. ತಿಕೋಟಾದಿಂದ ಬಂದು

ಮುಂಜಾನೆ ಎಂಟರ ಬಸ್ಸಿಗೆ ಹೋದೆ. ಶಂಕರೆಪ್ಪಗ ಪ್ಲೇಟು ಕೊಟ್ಟು ನಾ ಒಳಗ, ಭಟ್ಟಿ ಕಡೆ ನಿಂತೆ. ಅಂವ ಹಚ್ಚಿದ.

ನೀಲಾ ಬಾಗಲದಾಗ ಬ್ಯಾಳಿ ಕೇರಾಕತ್ತಿದ್ಲು. ಸೊರಗ್ಯಾಳ. ಮೂರನೇ ಹಾಡಿಗೆ — ಟಕ್. ಕೈಯಾಗಿನ ಕೇರೂ ಮರಾ ನಿಂತಿತು. ಭೋಂಗಾ ನೋಡಿದ್ಲು. ರಸ್ತೆ ಈ ಕಡೆ ಆ ಕಡೆ ನೋಡಿದ್ಲು. ಮರಾ ಇಟ್ಟು ದಾಟಿ ಹೊಟೇಲಿಗೆ ಬಂದ್ಲು.

"ಶಂಕರೆಪ್ಪಣ್ಣ, ಅದನ್ನ ಮತ್ತೊಮ್ಮೆ ಹಚ್ಚ್ರಿ."

"ಅಮರಪ್ಪನವರ ಹೊಸಾ ಪ್ಲೇಟ್ರಿ ಅಕ್ಕಾ. ಈ ಸಲ ಅವರು ಮಾತಾಡೇ ಇಲ್ಲ."

"ಕೇಳಿದೆ" ಅಂದ್ಲು.

ನಡುವ ಒಂದು ಗೋಣೀತಟ್ಟಿನ ಪಡದೆ ಅಷ್ಟ. ಸರಿಸಿ ಹೊರಗ ಬರಬೇಕಿತ್ತು. ಆಕಿ ಕಣ್ಣು ಮುಚ್ಚಿ ಕೇಳಾಕತ್ತಿದ್ಲು. ಹಾಡು ಮುಗೀಲಿ ಅಂತ ಕಾದೆ. ಮುಗೀತು. ಗ್ವಾಡಿಗುಂಟ ತಿರಗೂ ಧ್ವನಿ ಮುಗೀಲಿ ಅಂತ ಅದನ್ನೂ ಕಾದೆ. ಪಡದೆ ಸರಿಸಿದಾಗ ಆಕಿ ಸೆರಗು ಹೊತ್ತು ರಸ್ತೆ ದಾಟಾಕತ್ತಿದ್ಲು.

ಆಕಿ ಮುಂದ ಜನ್ಮದಾಗ ಒಮ್ಮೆ ಸುಮ್ಮನಿದ್ದೆ. ಅದೂ ಇವತ್ತ.

ಒಳಗ ಹೋದ್ಲು. ಬಾಗಲಾ ಹಾಕಲಿಲ್ಲ. ಬ್ಯಾಸಗಿ, ಯಾರೂ ಹಾಕೂದಿಲ್ಲ.

ಬಸ್ಸಿನ್ಯಾಗ ಕಿಸೆ ಮುಟ್ಟಿ ನೋಡಿದೆ. ಡಬ್ಬಿ ಇಲ್ಲ. ಭಟ್ಟಿ ಕಟ್ಟಿ ಮ್ಯಾಲ ಬಿಟ್ಟು ಬಂದೇನಿ.

೩೦-೫-೭೮

ತಿಕೋಟಾ ಬಸ್ಸಿನ ಕಂಡಕ್ಟರ ಅಂಗಡಿ ಮುಂದ ನಿಂತು ಹೇಳಿ ಹೋದ. ಡಬ್ಬಿ ಶಂಕರೆಪ್ಪನ ಕಡೆ ಇಲ್ಲಂತ. ನೀಲಾಬಾಯಿ ಒಯ್ದಾಳಂತ. "ಬೇಕಾದ್ರ ತಾವ ಬಂದು ಕೇಳ್ಲಿ ಅಂದಾರ್ರಿ" ಅಂದ. ನಕ್ಕೋತ ಅಂದಾರೋ ಹೆಂಗೋ ಅಂತ ಕೇಳಿದೆ. ಸೀಟಿ ಊದಿ ಹೋಗಿಬಿಟ್ಟ.

ಎರಡನೇ ಪ್ಲೇಟು. ಯಾರಿಗೆ ಏನು ಬಂತು.

ಜಿಲಾನಿಗೆ: ಪುಣೆ.

ಸಿದ್ದರಾಯಗ: ಪುಣೆ. ಮತ್ತ ಸುಮ್ಮನ ಹಾಡೂದು.

ಬೋರವ್ವಗ: ಒಂದು ಪ್ಲೇಟು. ಮಷೀನ ಇಲ್ಲ, ಗ್ವಾಡಿಗೆ ನೇತು ಹಾಕ್ಯಾಳಂತ. ಜ್ವಾಳಕ್ಕ ಹುಳಾ ಬಿದ್ದಿಲ್ಲ.

ಚಾದಂಗಡಿಯಾಂವಗ: ಏನೂ ಇಲ್ಲ. ಕೇಳಿದ. ಕೊಡಲಿಲ್ಲ.

ನೀಲಾಬಾಯಿಗೆ: ಡಬ್ಬಿ.

ನನಗ: ನಾಳೆ ಎಂಟರ ಬಸ್ಸು. ಹೋದ್ರ, ಮೊದಲ ಆಕಿ ಹೇಳೂದು ಮುಗಿಯೂತನಕಾ ನಾ ಕಾಯೂದು.