ಪ್ರಶಸ್ತಿ ಬಂದ ಮಣ್ಣಿನ ಶಾಲೆಗೆ ಸಿಮೆಂಟು ಬಳಿದವರಿಗೆ

ಅಸ್ವಾನ್ ಪ್ರಾಂತ್ಯದ ಶಾಲಾ ಕಟ್ಟಡಗಳ ಮಾನ್ಯ ಮುಖ್ಯಸ್ಥರೇ,

ಹೋದ ವರ್ಷ, ೧೯೮೮ರಲ್ಲಿ, ನಮ್ಮೂರಿನ ಮಣ್ಣಿನ ಶಾಲೆಗಾಗಿ ನೀವು ವಾಸ್ತುಶಿಲ್ಪ ಪ್ರಶಸ್ತಿ ಪಡೆದಿರಿ. ಈ ವರ್ಷ, ಗೋಡೆ ಬಿರುಕು ಬಿಟ್ಟಿದೆಯೆಂದು, ಅದು ಮಣ್ಣಿನದೆಂಬ ಕಾರಣಕ್ಕೇ ಕೆಡವುತ್ತೇವೆಂದು ಬಾಗಿಲಿಗೆ ನೋಟಿಸು ಅಂಟಿಸಿದ್ದೀರಿ. ಪ್ರಶಸ್ತಿ ಫಲಕವನ್ನು ಮಾತ್ರ ಮೊದಲೇ ಬಿಚ್ಚಿಕೊಂಡು ಹೋದಿರಂತೆ. ಅದೊಂದೇ ಬಿರುಕು ಬಿಟ್ಟಿರಲಿಲ್ಲವೇ?

ಆ ಶಾಲೆ ಕಟ್ಟಿದ ಮೇಸ್ತ್ರಿ ನನ್ನ ಅಪ್ಪ, ಕೆಲಸ ಬಲ್ಲವರೆಂದು ಊರೆಲ್ಲ ‘ಉಸ್ತಾ’ ಅನ್ನುವ ದಹಬ್. ಕೆಳಗೆ ಒಂದು ಮರದ ಆಸರೆಯೂ ಇಲ್ಲದೆ, ಹಿಂದಿನ ಗೋಡೆಗೆ ಇಟ್ಟಿಗೆ ಒರಗಿಸುತ್ತ ಒರಗಿಸುತ್ತ ಕಮಾನು ಚಾವಣಿ ಎತ್ತುವುದು ನಮ್ಮ ನೂಬಿಯಾದವರ ಕೆಲಸ. ಕೆಸರು ಕಚ್ಚಿ ಹಿಡಿಯಲೆಂದು ಹಸಿ ಇಟ್ಟಿಗೆಯ ಮೇಲೆ ಎರಡು ಬೆರಳಲ್ಲಿ ಗೀರುತ್ತಾರೆ. ಆ ಚಾವಣಿಯ ತುಂಬ ಅಪ್ಪನ ಬೆರಳ ಗುರುತುಗಳಿವೆ. ಫಲಕದಲ್ಲಿ ಅವರ ಹೆಸರಿರಲಿಲ್ಲ, ಹೋಗಲಿ ಬಿಡಿ.

ತೀರ್ಪುಗಾರರು ಬರುವ ಹಿಂದಿನ ವಾರ ನಿಮ್ಮ ಎಂಜಿನಿಯರು ಒಳಗೂ ಹೊರಗೂ ಸಿಮೆಂಟು ಬಳಿಸಿದರು. ಹಬ್ಬಕ್ಕೆಂದು ಊರಿಗೆ ಬಂದಿದ್ದ ನಾನು ಅಲ್ಲೇ ನಿಂತಿದ್ದೆ.

“ಬೇಡಿ ಸಾಹೇಬ್ರೇ,” ಅಂದರು ಅಪ್ಪ. “ಅಣೆಕಟ್ಟು ಆದ್ಮೇಲೆ ನೆಲದಡಿ ನೀರು ಮೇಲೆ ಬಂದದೆ. ಗೋಡೆ ಉಸಿರಾಡ್ಬೇಕು. ಬಾಯಿ ಕಟ್ಬೇಡಿ.”

“ಪರದೇಶದೋರು ಬರ್ತಾವ್ರೆ ಉಸ್ತಾ. ಅವ್ರಿಗೆ ಕೆಸರು ತೋರಿಸ್ಲಾ?”

ಪರದೇಶದವರು ಬಂದು ಕೇಳಿದ ಮೊದಲ ಪ್ರಶ್ನೆ: ಮಣ್ಣೆಲ್ಲಿ? ಎಂಜಿನಿಯರು ಬೆವರು ಒರೆಸಿಕೊಂಡು, ಕಪ್ಪುಹಲಗೆಯ ಪಕ್ಕ ಕಿಟಕಿಯಷ್ಟು ಸಿಮೆಂಟು ಕೆತ್ತಿಸಿ, ಸುತ್ತ ಮರದ ಚೌಕಟ್ಟು ಹೊಡೆಸಿದರು. ಅಪ್ಪ ನನ್ನ ಕಡೆ ತಿರುಗಿ ನಕ್ಕುಬಿಟ್ಟರು. “ಮಣ್ಣಿನ ಮನೇಲಿ ಮಣ್ಣಿನ ಫೋಟೋ ತೂಗಾಕಿದ್ರಲ್ಲೋ ಶೌಕಿ!”

ಈಗ ಅವರು ನಗುತ್ತಿಲ್ಲ. ಮಕ್ಕಳು ಡೇರೆಯಲ್ಲಿ ಕೂತಿದ್ದಾರೆ. ಮೇಸ್ತ್ರಿಯ ಕೆಲಸ ಕಳಪೆ ಎಂದು ನಿಮ್ಮ ವರದಿ ಹೇಳಿದೆ. ಶಾಲೆ ಕಾಣಬಾರದೆಂದು ಅಪ್ಪ ಕಾಲುವೆ ಸುತ್ತಿಕೊಂಡು ಮಸೀದಿಗೆ ಹೋಗುತ್ತಾರೆ. “ಗೋಡೆ ಬಿದ್ರೆ ಇನ್ನೊಂದ್ ಕಟ್ಬೋದು ಕಣೋ. ಮಣ್ಣಿನ್ ಮೇಲೆ ತಪ್ಪು ಹೊರ್ಸಿದ್ರೆ ಇನ್ಯಾರು ಕಟ್ತಾರೆ?”

ಮೊನ್ನೆ ನಾನು ಒಳಗೆ ಹೋಗಿ ಗೋಡೆ ತಡವಿ ನೋಡಿದೆ. ಸಿಮೆಂಟಿನ ಹಿಂದೆ ಎಲ್ಲ ಕಡೆ ಹಸಿ, ಉಪ್ಪು, ಪೊಳ್ಳು ಸದ್ದು. ನೀವು ಕೆತ್ತಿಸಿದ ಆ ಚೌಕದೊಳಗೆ ಮಾತ್ರ ಗೋಡೆ ಒಣಗಿ ಗಟ್ಟಿಯಾಗಿದೆ. ಒಂದು ಕೂದಲೆಳೆ ಬಿರುಕಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮುಂದಿನ ಶನಿವಾರ ಬುಲ್ಡೋಜರ್ ಕಳಿಸಬೇಡಿ, ನೀವೇ ಬನ್ನಿ. ಚೌಕದೊಳಗೆ ಒಂದು ಕೈ, ಹೊರಗೆ ಒಂದು ಕೈ ಇಟ್ಟು ನೋಡಿ. ಆಮೇಲೆ ಉಳಿದ ಸಿಮೆಂಟು ಕೆತ್ತಲು ಅಪ್ಪನಿಗೆ ಅಪ್ಪಣೆ ಕೊಡಿ. ಎಪ್ಪತ್ತರಲ್ಲೂ ಅವರು ಏಣಿ ಹತ್ತುತ್ತಾರೆ.

ಇಂತಿ,
ಕೈರೋದಲ್ಲಿ ದಿನವಿಡೀ ಸಿಮೆಂಟೇ ಕಲಸುವ, ಉಸ್ತಾ ದಹಬನ ಮಗ
ಶೌಕಿ