ಚಳಿಗಾಲದಲ್ಲಿ ಕೊಂಡ ಚಿಲ್ಲರ್

ಸಿಂಧನೂರು

ಚಿ. ಅಮರೇಶ್ವರಿಗೆ ಆಶೀರ್ವಾದಗಳು.

ಕಾಲುವೆಗೆ ನೀರು ಬಿಡುವ ಮುನ್ನ ಡ್ಯಾಮಿನ ಎಂಜಿನಿಯರುಗಳು ನನ್ನನ್ನೇ ಕೇಳುತ್ತಾರೆ, ನಿನಗೆ ಗೊತ್ತೇ ಇದೆ. ಆದರೂ ಲಿಂಗಸುಗೂರಿನಲ್ಲಿ ನೀನು ತೆರೆಯುವ ಪ್ಲಾಸ್ಟಿಕ್ ಕೊಡದ ಕಾರ್ಖಾನೆಗೆ, ಸಂಕ್ರಾಂತಿಯಲ್ಲಿ ನಾನು ಹೊಗಳಿದಂಥ ಹಳೆಯ ಚಿಲ್ಲರ್, ಅದೇ ಅಚ್ಚಿಗೆ ತಣ್ಣೀರು ಹರಿಸುವ ಯಂತ್ರ, ಕೊಳ್ಳಬೇಡ. ನನ್ನ ಕೊಡದ ಕಾರ್ಖಾನೆಗೆ ತಂದದ್ದು ಚಳಿಯಲ್ಲಿ ಮಂಜಿನಂಥ ನೀರು ಕೊಟ್ಟಿತು. ಬೇಸಿಗೆ ಬಂತು, ಅದೇ ಬೆವರಿ ಕೂತಿತು. ಅಚ್ಚು ತಣಿಯದೆ ಕೊಡಗಳೆಲ್ಲ ಸೊಟ್ಟಗಾದವು. ನಿನ್ನ ಅತ್ತೆ ಶಿವಲಿಂಗಮ್ಮ ಓಣಿಗೆಲ್ಲ ಸಾರಿದಳು: "ಚಳಿಗಾಲದಾಗ ನೋಡಿ ತಂದಾರ, ಈಗ ಅದಕ್ಕ ನನ್ನ ಕೈಲೆ ಬೀಸಣಿಗಿ ಬೀಸಸಾಕತ್ತಾರ!"

ನೀನು ಮಾತ್ರ ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿ ತೋರಿಸುವವನ ಹತ್ತಿರ, ಕೆಟ್ಟರೆ ಮರುದಿನವೇ ರಿಪೇರಿಗೆ ಬರುವವನ ಹತ್ತಿರ ತಗೋ. ನಾನೂ ಜೊತೆಗೆ ಬರುತ್ತೇನೆ, ಬಾಯಿ ಬಿಡುವುದಿಲ್ಲ.

ಇತಿ,
ನಿನ್ನ ಅತ್ತೆಗೆ ಹೇಳಿದ್ದು ಮೂವತ್ತು ಸಾವಿರ, ನಿಜವಾಗಿ ಎರಡು ಲಕ್ಷ ಎಂಬತ್ತು ಸಾವಿರ ಕಳೆದುಕೊಂಡ
ನಿನ್ನ ಮಾವ ಆದಪ್ಪ